ಜೊತೆಗೆ ಯಾರು ಬಂದಾರ

ಮುಂಡಗೋಡದಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಯಾರೇ ಹೊರಟರೂ ಮೊದಲು ನನ್ನ ಮನೆಯ ಬಾಗಿಲು ಬಡಿಯುತ್ತಾರೆ. "ಕೇಸರಿಬಾಯಿ, ನಾಳೆ ನಮ್ಮ ಜತಿಗೆ ಬರ್ತಿ ಏನಬೇ?" ಎನ್ನುತ್ತಾರೆ. ನಾನು ಡಾಕ್ಟರಲ್ಲ, ನರ್ಸಲ್ಲ. ಮಳಗಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸುವ ಮೊದಲೇ ಪಾಟಿ ಒಡೆದುಕೊಂಡು ಮನೆಗೆ ಬಂದವಳು. ಈಗ ಅಡಿವೆಯ್ಯನವರ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ಆದರೆ ನನ್ನ ಗಂಡ ಮೋತಿಲಾಲನ ಕಿಡ್ನಿ ಕೆಟ್ಟು, ಅವನನ್ನು ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದ್ದರಿಂದ ಆಸ್ಪತ್ರೆಯ ಒಳಹೊರಗೆಲ್ಲ ನನಗೆ ಗೊತ್ತು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕಿಟಕಿಯಲ್ಲಿ ಪಾಳಿ ಬೇಗ ಸರಿಯುತ್ತದೆ, ಯಾವ ಸಿಸ್ಟರಿಗೆ ಹೆದರಬೇಕು, ಯಾರಿಗೆ ಎದುರುತ್ತರ ಕೊಡಬಹುದು ಎಲ್ಲ ಬಾಯಿಪಾಠ. ಮೋತಿಲಾಲ ಹೋದ, ಆ ವಿದ್ಯೆ ನನ್ನಲ್ಲಿ ಉಳಿಯಿತು. ಮಕ್ಕಳಿಲ್ಲ ಮರಿಯಿಲ್ಲ, ಕರೆದವರ ಹಿಂದೆ ಹೊರಟುಬಿಡುತ್ತೇನೆ. ಈಗಂತೂ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಫ್ರೀ, ಯಾರ ಹಂಗೂ ಇಲ್ಲ.

ಜೊತೆಗೆ ಹೋಗುವುದೆಂದರೆ ಬರೀ ಚೀಲ ಹಿಡಿದುಕೊಂಡು ಬೆಂಚಿನ ಮೇಲೆ ಕೂಡುವುದು ಎಂದು ತಿಳಿದವರಿದ್ದಾರೆ. ಹುಚ್ಚರು. ನಮ್ಮ ಕಡೆ ಡಾಕ್ಟರು ದೊಡ್ಡ ರೋಗದ ಹೆಸರನ್ನು ರೋಗಿಯ ಮುಂದೆ ಎತ್ತುವುದಿಲ್ಲ. "ಅಜ್ಜಾರ, ನೀವ ಒಂದೀಟ ಹೊರಗ ಕೂಡ್ರಿ" ಎಂದು ಅವರನ್ನು ಕಳಿಸಿ, "ಜತಿಗೆ ಯಾರ ಬಂದಾರ? ಒಳಗ ಬರ್ರಿ" ಎನ್ನುತ್ತಾರೆ. ಒಳಗೆ ಹೋಗಿ ಎಲ್ಲ ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಹೊರಗೆ ಬಂದು, "ಏನಿಲ್ಲ ಬಿಡೋ ಯಪ್ಪಾ, ಪಿತ್ತ ಕೆರಳೇತಿ, ಗುಳಿಗಿ ಕೊಟ್ಟಾರ, ನಡಿ ಚಾ ಕುಡ್ಯೂಣು" ಎನ್ನುವುದು ಜೊತೆಗೆ ಬಂದವರ ಕೆಲಸ. ಊರಿಗೆ ಬಂದಮೇಲೆ ಮಗನನ್ನೋ ಸೊಸೆಯನ್ನೋ ಹಿತ್ತಲಿಗೆ ಕರೆದು ಖರೆ ಸಂಗತಿ ಹೇಳಬೇಕು. ಈ ಕೆಲಸದಲ್ಲಿ ನನ್ನದು ಎತ್ತಿದ ಕೈ. ಮೋತಿಲಾಲನಿಗೂ ಕೊನೆಯವರೆಗೆ ಹೇಳಲಿಲ್ಲ, ಬರುವ ವರ್ಷ ಎಮ್ಮೆ ಕೊಳ್ಳುವ ಮಾತಾಡುತ್ತಲೇ ಹೋದ. ಅದು ಪಾಪವೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಸತ್ಯಹರಿಶ್ಚಂದ್ರನನ್ನು ತಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂಡಿಸಿದರೆ ಅರ್ಧ ರೋಗಿಗಳು ಮನೆ ಮುಟ್ಟುವುದಿಲ್ಲ.

ಈ ಸಲ ಗೋವಿನಜೋಳ ಕಿತ್ತು ರಸ್ತೆಯ ಮೇಲೆ ಒಣಹಾಕಿದ ಹೊತ್ತಿಗೆ ನನಗೇ ಮೈ ಸರಿಯಿಲ್ಲದಂತಾಯಿತು. ಒಗ್ಗರಣೆಯ ವಾಸನೆ ಬಂದರೆ ವಾಕರಿಕೆ. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಸೇದುವಂಥ ನೋವು. ಮೈಯೆಲ್ಲ ತುರಿಕೆ. ರೊಟ್ಟಿ ಬಡಿಯುವಾಗ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಒಂದು ಬೆಳಿಗ್ಗೆ ಅಡಿವೆಯ್ಯನವರು ಗಲ್ಲೆಯ ಮೇಲಿಂದ ಎದ್ದು ಬಂದು ನನ್ನ ಮುಖವನ್ನೇ ನೋಡಿದರು.

"ಕೇಸರಿಬಾಯಿ, ಕಣ್ಣಿಗೆ ಅರಿಷಿಣ ಹಚ್ಚಿಕೊಂಡೀ ಏನ? ಕಾಮಣಿ ಆಗೇತಿ ನಿನಗ."

ಕಾಮಾಲೆಯಾದರೆ ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಮಳಗಿಯಲ್ಲಿ ಒಬ್ಬರು ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾರೆ, ಎಣ್ಣೆ ಖಾರ ಬಿಡಿಸುತ್ತಾರೆ, ಕಣ್ಣು ಬೆಳ್ಳಗಾಗುತ್ತದೆ. ಊರವರನ್ನೆಲ್ಲ ಹುಬ್ಬಳ್ಳಿಗೆ ಸಾಗಿಸುವ ನಾನೂ ಅಲ್ಲಿಗೇ ಹೋದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆಯಲ್ಲ. ಸಪ್ಪೆ ಅನ್ನ ತಿಂದು ತಿಂದು ನಾಲಿಗೆ ಸತ್ತಿತೇ ಹೊರತು ಹಳದಿ ಇಳಿಯಲಿಲ್ಲ, ಇನ್ನೂ ಏರಿತು. ಕಡೆಗೆ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನು ಮಾಡಿಸಿದೆ. ಅಂದು ಯಾರೂ ಜೊತೆಗೆ ಬೇಕಾಗಿರಲಿಲ್ಲ, ಮಷಿನಿನೊಳಗೆ ಮಲಗಿ ಎದ್ದು ಬಂದರಾಯಿತು.

ಡಾಕ್ಟರು ನಡುವಯಸ್ಸಿನವರು, ಮಾತು ಮೆತ್ತಗೆ. ಕಾಮಾಲೆಗೆ ಕಾರಣ ಲಿವರಲ್ಲ, ಜಠರದ ಹಿಂದೆ ಮೇದೋಜೀರಕ ಎಂಬ ಗ್ರಂಥಿ ಇರುತ್ತದೆ, ಅದರ ತಲೆಯ ಭಾಗದಲ್ಲಿ ಒಂದು ಗಡ್ಡೆ ಕೂತಿದೆ, ಅದು ಪಿತ್ತದ ನಳಿಕೆಯನ್ನು ಒತ್ತಿ ಹಿಡಿದಿದೆ ಎಂದು ಚಿತ್ರ ಬಿಡಿಸಿ ತೋರಿಸಿದರು.

"ಎಂಥಾ ಗಡ್ಡಿರಿ?" ಎಂದೆ.

"ಅದನ್ನ ನೋಡಾಕಂತನ ಇನ್ನೊಂದು ಪರೀಕ್ಷೆ ಮಾಡೂದು. ಬಾಯಿಂದ ಒಂದು ನಳಿಗಿ ಬಿಡ್ತೇವಿ. ಅದರ ತುದಿಗೆ ಸಣ್ಣ ಸ್ಕ್ಯಾನರ್ ಇರ್ತದ. ಹೊಟ್ಟಿ ಮ್ಯಾಲಿಂದ ನೋಡಿದ್ರ ಕಾಣೂದಿಲ್ಲ, ಗಾಳಿ ಅಡ್ಡ ಬರ್ತದ. ಒಳಗಿಂದ ನೋಡಿದ್ರ ಗ್ರಂಥಿ ಜಠರದ ಗ್ವಾಡಿ ಆಚೀನ ಇರ್ತದ. ಅಲ್ಲಿಂದನ ಗಡ್ಡಿಗೆ ಸೂಜಿ ಹಾಕಿ ಒಂದೆರಡು ತುಣುಕು ತಗೀತೇವಿ. ಅದು ಏನು ಅಂತ ಸೂಜಿ ಹೇಳ್ತದ, ಎಲ್ಲೀ ತನಕಾ ಹಬ್ಬೇತಿ ಅಂತ ಸ್ಕ್ಯಾನರ್ ಹೇಳ್ತದ."

ಪಕ್ಕದ ಮನೆಯ ಜಗಳ ಕೇಳಬೇಕಾದರೆ ಬೀದಿಯಲ್ಲಿ ನಿಂತರಾಗದು, ನಡುಗೋಡೆಗೆ ಕಿವಿ ಹಚ್ಚಬೇಕು. ಅಷ್ಟೇ ಎಂದು ತಿಳಿದುಕೊಂಡೆ.

"ಗೊತ್ತಾದ ಮ್ಯಾಲೆ ನನಗ ಹೇಳ್ರಿ" ಎಂದೆ.

"ಹೇಳೂಣು. ಆದ್ರ ಮಂಪರಿನ ಔಷಧ ಕೊಟ್ಟಿರ್ತೇವಲ್ಲಾ, ಅವತ್ತು ಹೇಳಿದ್ದು ಪೇಷಂಟಿಗೆ ನೆನಪ ಉಳಿಯೂದಿಲ್ಲ. ಅದಕ್ಕ ಜತಿಗೆ ಯಾರರ ಇರಾಕ ಬೇಕು. ಅವರಿಗೆ ಹೇಳ್ತೇವಿ. ನಿಮಗ ರಿಪೋರ್ಟ್ ಬಂದ ಮ್ಯಾಲೆ, ಕೂತು ಮಾತಾಡೂಣು."

'ಕೂತು ಮಾತಾಡೂಣು' ಎಂಬುದನ್ನು ಎಷ್ಟು ಡಾಕ್ಟರ ಬಾಯಲ್ಲಿ ಕೇಳಿಲ್ಲ ನಾನು! ಅದರ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಗ ಯಾರನ್ನು ಕರೆದೊಯ್ಯುವುದು? ಕರೆದರೆ ಬರುವವರಿಗೆ ಬರಗಾಲವಿರಲಿಲ್ಲ. ಪಕ್ಕದ ಓಣಿಯ ಶೈಲಾ ಒಲೆಯ ಮೇಲಿನ ಹಾಲು ಹಾಗೇ ಬಿಟ್ಟು ಓಡಿ ಬರುತ್ತಾಳೆ, ಅವಳ ಗಂಡನನ್ನು ಎರಡು ಸಲ ನಾನೇ ಕರೆದೊಯ್ದು ತಂದಿದ್ದೇನೆ. ಆದರೆ ಬಂದವಳು ಒಳಗೆ ಹೋಗಿ ಕೇಳಿಸಿಕೊಂಡು ಹೊರಗೆ ಬಂದು ನನಗೆ ಏನು ಹೇಳುತ್ತಾಳೆ? "ಏನಿಲ್ಲ ಬಿಡ ಅಕ್ಕಾ" ಎನ್ನುತ್ತಾಳೆ. ಹಾಗೆ ಹೇಳಬೇಕೆಂದು ಈ ಊರಿಗೆ ಕಲಿಸಿದವಳೇ ನಾನು. ಬೇರೆಯವರಿಗೆ ಸುಳ್ಳು ಹೇಳಿದರೂ ನಡೆಯುತ್ತದೆ. ಅವರ ಖರೆಯನ್ನು ಹೊತ್ತುಕೊಳ್ಳಲು ಹಿತ್ತಲಿನಲ್ಲಿ ಮಗ ನಿಂತಿರುತ್ತಾನೆ, ತಮ್ಮ ನಿಂತಿರುತ್ತಾನೆ. ನನ್ನ ಹಿತ್ತಲಿನಲ್ಲಿ ಯಾರಿದ್ದಾರೆ? ಒಂದು ಕರಿಬೇವಿನ ಗಿಡ. ನನಗೆ ಸುಳ್ಳು ಹೇಳಿಬಿಟ್ಟರೆ ನನ್ನ ರೋಗ ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಅದು ಮಾತ್ರ ನನ್ನಿಂದ ತಡೆದುಕೊಳ್ಳುವುದಾಗದು. ಸಾಯುವುದಾದರೆ ಸಾಯುತ್ತೇನೆ, ಆದರೆ ಸಾಯುತ್ತೇನೆಂದು ನನಗೆ ಮೊದಲು ಗೊತ್ತಾಗಬೇಕು.

ಅಡಿವೆಯ್ಯನವರು, "ಖಾನಾವಳಿಯಿಂದ ಯಾರನ್ನರ ಕಳಸ್ಲೇನ?" ಎಂದು ಕೇಳಿದರು. "ಬ್ಯಾಡ್ರಿ, ನನ್ನ ಸೋದರಸೊಸಿ ತುಳಜಾ ಬರ್ತಾಳ" ಎಂದೆ. ತುಳಜಾ ಎನ್ನುವವಳು ಇರುವುದೇನೋ ಖರೆ. ನನ್ನ ಅಣ್ಣನ ಮಗಳು. ಅಣ್ಣ ತೀರಿಕೊಂಡ ಮೇಲೆ ಕೊಲ್ಲಾಪುರದ ಆಚೆ ಎಲ್ಲಿಯೋ ಸಂಸಾರ ಮಾಡಿಕೊಂಡಿದ್ದಾಳೆ. ನನ್ನ ಫೋನ್ ನಂಬರು ಅವಳಲ್ಲಿ ಇರಲಿಕ್ಕಿಲ್ಲ, ಅವಳದು ನನ್ನಲ್ಲಿಯೂ ಇಲ್ಲ.

ಹೇಳಿದ ದಿನ ನಸುಕಿನ ಬಸ್ಸು ಹಿಡಿದೆ. ಬಾಯಿಗೆ ನೀರೂ ಹಾಕಬಾರದೆಂದಿದ್ದರು. ಟಿಬೆಟನ್ ಕಾಲೊನಿಯ ಸ್ಟಾಪಿನಲ್ಲಿ ಇಬ್ಬರು ಲಾಮಾಗಳು ಹತ್ತಿದರು, ಅವರ ಹಿಂದೆ ಅತ್ತಿವೇರಿಯ ಗುರುತಿನ ಹೆಂಗಸು ಹತ್ತಿದಳು. "ಇವತ್ತ ಯಾರನ್ನ ಕರಕೊಂಡ ಹೊಂಟೀಬೇ ಕೇಸರಕ್ಕಾ?" ಎಂದು ಕೇಳಿದಳು. ನನ್ನ ಹಿಂದೆ ಮುಂದೆ ಖಾಲಿ ಸೀಟುಗಳಿದ್ದವು. "ಪೇಷಂಟ ಅಲ್ಲೇ ಬರ್ತಾರ" ಎಂದು ಹೇಳಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದೆ.

ಆಸ್ಪತ್ರೆಯಲ್ಲಿ ಸಿಸ್ಟರು ನನ್ನ ಕೈಗೆ ಹೆಸರಿನ ಪಟ್ಟಿ ಕಟ್ಟಿ ಕೇಳಿದಳು.

"ಜತಿಗೆ ಯಾರ ಬಂದಾರ?"

ಜನ್ಮದಲ್ಲಿ ಎಷ್ಟೋ ಸಲ ಈ ಪ್ರಶ್ನೆಗೆ "ನಾನ್ರಿ" ಎಂದು ಎದ್ದು ನಿಂತವಳು. ಈಗಲೂ ಅರ್ಧ ಏಳಲು ಹೋಗಿ ಕುಳಿತೆ.

"ಸೊಸಿ ಬರಾಕತ್ತಾಳ್ರಿ. ತುಳಜಾ ಅಂತ. ತಡಸ ದಾಟ್ಯಾಳ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ತುಳಜಾ ಆಗಲೂ ತಡಸ ದಾಟುತ್ತಿದ್ದಳು. ಮೂರನೆಯ ಸಲ ಸಿಸ್ಟರು ಸಿಡುಕಿದಳು. "ಅಮ್ಮಾರ, ನಿಮ್ಮ ಪಾಳಿ ಬರೂದ್ರಾಗ ಯಾರೂ ಬರಲಿಲ್ಲಂದ್ರ ಮನೀಗೆ ಹೋಗಿ ಇನ್ನೊಂದಿನ ಬರ್ರಿ. ಒಬ್ಬರ ಬಂದವರಿಗೆ ಮಂಪರ ಕೊಡೂದಿಲ್ಲ." ತಪ್ಪೇನೂ ಇರಲಿಲ್ಲ ಅವಳದು. ಆದರೆ ಇನ್ನೊಂದು ದಿನ ಬಂದರೆ ಮಾತ್ರ ಯಾರು ಬರುವವರಿದ್ದರು?

ಎದ್ದು ಸಾಲು ಬೆಂಚುಗಳನ್ನು ನೋಡುತ್ತ ನಡೆದೆ. ಎಲ್ಲರ ಮಗ್ಗುಲಿಗೂ ಒಬ್ಬೊಬ್ಬರು. ಒಬ್ಬಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಒಬ್ಬ ತಾಯಿಗೆ ಚಪ್ಪಲಿ ಹಾಕಿಸುತ್ತಿದ್ದ. ಲಿಫ್ಟಿನ ಮುಂದೆ ಜನ ಮುಕುರಿದ್ದರು. ಕಪ್ಪು ಬುರ್ಖಾದ ಹುಡುಗಿಯೊಬ್ಬಳು ಹಾಲಿನ ಥರ್ಮಾಸು ಹಿಡಿದುಕೊಂಡು ಮುಂದೆ ನುಗ್ಗಿದಳು. ಮುಖದ ಪರದೆ ಮೇಲೆತ್ತಿತ್ತು. ಲಿಫ್ಟಿನವನು ಕೈ ಅಡ್ಡ ಹಿಡಿದು, "ಪೇಷಂಟ ಏನು?" ಎಂದ. ಹೂಂ ಎಂದಿದ್ದರೆ ಮುಗಿದಿತ್ತು, ಯಾರು ನೋಡುವವರು? ಅವಳು, "ಅಲ್ರಿ, ಪೇಷಂಟ ಮ್ಯಾಲ ಅದಾರ" ಎಂದಳು. "ಹಂಗಾರ ಮೆಟ್ಟಲಾ ಹತ್ತ ಹೋಗು" ಎಂದ. ಅವಳು ಮೆಟ್ಟಿಲ ಕಡೆ ನಡೆದಳು.

ಎಂಥ ಪೆದ್ದಿ ಎಂದು ನನಗೆ ನಗು ಬಂತು. ಮರುಕ್ಷಣವೇ ನಗು ನಿಂತಿತು. ಇಂಥವಳೇ ಬೇಕಾಗಿತ್ತು ನನಗೆ. ಏದುಸಿರು ಬಿಡುತ್ತ ಅವಳ ಹಿಂದೆ ಮೆಟ್ಟಿಲು ಹತ್ತಿದೆ.

ಅವಳ ಹೆಸರು ರುಕ್ಸಾರ, ದಾಂಡೇಲಿಯವಳು. ಮಾವ ಅಮೀರಸಾಬ ಲಾರಿ ಮೆಕ್ಯಾನಿಕ್. ಅವರಿಗೆ ಪಿತ್ತದ ನಳಿಕೆಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದನ್ನು ಹಿಂದಿನ ದಿನ ತೆಗೆದಿದ್ದರು. ಗ್ಯಾರೇಜು ಮುಚ್ಚಿದರೆ ನಡೆಯುವುದಿಲ್ಲವೆಂದು ಗಂಡ ಅರ್ಬಾಜ ಅಲ್ಲಿಯೇ ಉಳಿದಿದ್ದ. "ಮಾವಾರ ಆರಾಮ ಅದಾರ್ರಿ. ಸಿಟ್ಟು ಒಂದ ಇನ್ನೂ ಇಳದಿಲ್ಲ" ಎಂದಳು. ನಾನು ಮೆಟ್ಟಿಲ ಮೇಲೇ ಕುಳಿತು ನನ್ನ ಸಂಗತಿ ಹೇಳಿದೆ.

"ಒಂದೆರಡು ತಾಸು ನನ್ನ ಹೆಸರಿಗೆ ಕೂತಿರ ತಂಗಿ. ಒಳಗ ಏನಾತು ಅಂತ ಡಾಕ್ಟರು ನಿನಗ ಹೇಳ್ತಾರ. ಹೇಳಿದ್ದನ್ನ ಹೇಳಿದ್ಹಂಗ ನನಗ ಹೇಳಬೇಕು. ಏನೂ ಮುಚ್ಚಬಾರದು. ಗುರ್ತಿನವರು ಮುಚ್ಚತಾರ, ಬಂಧು ಬಳಗದವರು ಮುಚ್ಚತಾರ. ನೀ ನನಗ ಯಾರೂ ಅಲ್ಲ. ಅದಕ್ಕ ನಿನ್ನ ಕೇಳಾಕತ್ತೇನಿ."

ಅವಳು ಥರ್ಮಾಸಿನ ಮುಚ್ಚಳ ತಿರುವುತ್ತ ಯೋಚಿಸಿದಳು.

"ಕೆಟ್ಟ ಸುದ್ದಿ ಇದ್ರೂ ಹೇಳಬೇಕೇನ್ರಿ?"

"ಅದನ್ನ ಹೇಳಾಕ ಬೇಕು."

"ಆತ್ರಿ ಮೌಶಿ. ಮಾತ ಕೊಟ್ಟೆ ಅಂದ್ರ ಹೇಳ್ತೇನಿ. ನನಗ ಸುಳ್ಳು ಹೇಳಾಕ ಬರೂದಿಲ್ಲ, ಅದಕ್ಕ ನಮ್ಮ ಮನ್ಯಾಗ ದಿನಾ ಬೈಸಿಕೋತೇನಿ."

ಮಾವನಿಗೆ ಹಾಲು ಕೊಟ್ಟು ಬಂದಳು. ಇಬ್ಬರೂ ಸಿಸ್ಟರ ಮುಂದೆ ನಿಂತೆವು. ಸಿಸ್ಟರು ಬುರ್ಖಾ ನೋಡಿದಳು, ನನ್ನ ಹಣೆಯ ಹಚ್ಚೆಬೊಟ್ಟು ನೋಡಿದಳು. "ತುಳಜಾ ಅಂದ್ರ ನೀವ ಏನು?"

ಹೂಂ ಅನ್ನು ಎಂದು ನಾನು ಬೆನ್ನ ಹಿಂದೆ ಅವಳನ್ನು ಚಿವುಟಿದೆ.

"ಅಲ್ರಿ. ನಾ ರುಕ್ಸಾರ. ಇವರು ಈಗ ಅಲ್ಲೆ ಮೆಟ್ಟಲದಾಗ ಗುರ್ತ ಆದ್ರು."

ಕೋಲೆ ಬಸವನಾದರೂ ತಲೆ ಆಡಿಸುತ್ತಿತ್ತು, ಇವಳು ಅದೂ ಇಲ್ಲ. ನನಗೆ ನೆಲ ಬಿರಿಯಬಾರದೇ ಎನಿಸಿತು. ಸಿಸ್ಟರು ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಳು. ಡಾಕ್ಟರೇ ಹೊರಗೆ ಬಂದರು. ನನ್ನನ್ನು ನೋಡಿ, ಅವಳನ್ನು ನೋಡಿ, "ಇವರ ಮುಂದ ಎಲ್ಲಾ ಹೇಳಬಹುದೇನ್ರಿ?" ಎಂದು ನನ್ನನ್ನೇ ಕೇಳಿದರು. "ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ" ಎಂದೆ. "ಇರಲಿ, ಪಿತ್ತ ಹರಿಯಾಕ ನಳಿಗಿನೂ ಹಾಕೂದೈತಿ, ರಾತ್ರಿ ಹೆಂಗೂ ಇಲ್ಲೇ ಇಟ್ಟುಕೋತೇವಲ್ಲ" ಎಂದು ಒಪ್ಪಿದರು.

ಒಳಗೆ ಚಳಿ. ಗಂಟಲಿಗೆ ಏನೋ ಕಹಿ ಹೊಡೆದರು, ನಾಲಿಗೆ ಬೇರೆಯವರ ನಾಲಿಗೆಯಂತಾಯಿತು. ಎಡಕ್ಕೆ ಹೊರಳಿಸಿ ಹಲ್ಲಿನ ನಡುವೆ ಒಂದು ಉಂಗುರ ಕಚ್ಚಿಸಿದರು. ಮೂಲೆಯಲ್ಲಿ ಒಬ್ಬರು ಸೂಕ್ಷ್ಮದರ್ಶಕ ಇಟ್ಟುಕೊಂಡು ಕುಳಿತಿದ್ದರು. ಸೂಜಿಯಲ್ಲಿ ಬಂದ ತುಣುಕು ಸಾಕೋ ಸಾಲದೋ ಎಂದು ಅವರು ಅಲ್ಲಿಯೇ ನೋಡುತ್ತಾರಂತೆ. ಕಪ್ಪು ಪರದೆಯ ಮೇಲೆ ಬೂದು ಬೂದು ಬೆಳಕು ಆಡುತ್ತಿತ್ತು. ಇಷ್ಟು ವರ್ಷ ಈ ಬಾಗಿಲಿನ ಹೊರಗೆ ಕುಳಿತವಳಿಗೆ ಒಳಗೆ ಇಷ್ಟು ಚಳಿ ಇರುತ್ತದೆಂದು ಗೊತ್ತಿರಲಿಲ್ಲ. ಮೋತಿಲಾಲ ಒಂದು ದಿನವೂ ಹೇಳಿರಲಿಲ್ಲ. ಸಿಸ್ಟರು ಕೈಯ ನಳಿಕೆಗೆ ಔಷಧ ಬಿಟ್ಟಳು. ಯಾರಾದರೂ ಕೈ ಹಿಡಿದುಕೊಂಡರೆ ಚೆನ್ನಾಗಿತ್ತು ಎಂದು ಅನಿಸಿದ್ದು ನೆನಪಿದೆ, ಆಮೇಲೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ಬೇರೆ ಕೋಣೆ. ಸಾಲಾಗಿ ಮಂಚಗಳು, ನಡುನಡುವೆ ಹಸಿರು ಪರದೆ. ಗಂಟಲು ಉರಿಯುತ್ತಿತ್ತು. ರುಕ್ಸಾರ ಸ್ಟೂಲಿನ ಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ಡಾಕ್ಟರು ನಿಮ್ಮ ಜೋಡಿನೂ ಮಾತಾಡಿದ್ರು ಮೌಶಿ. ನೀವು ಹೂಂ ಹೂಂ ಅಂದ್ರಿ" ಎಂದಳು. ನನಗೆ ಒಂದಕ್ಷರವೂ ನೆನಪಿರಲಿಲ್ಲ.

ನಾನು ಅವಳ ಮುಖ ನೋಡಿದೆ. ಸುಳ್ಳು ಹೇಳುವವರು ಮೊದಲು ನಗುತ್ತಾರೆ. ಕೇಳದೆ ನೀರು ಕೊಡುತ್ತಾರೆ, ಹೊದಿಕೆ ಸರಿಮಾಡುತ್ತಾರೆ, ಊಟದ ಮಾತು ತೆಗೆಯುತ್ತಾರೆ. ಇವಳು ಅದೊಂದನ್ನೂ ಮಾಡಲಿಲ್ಲ.

"ಏನಂದ್ರು?" ಎಂದೆ.

"ಈಗ ಹೇಳ್ಲೇನ್ರಿ, ಸ್ವಲ್ಪ ಹೊತ್ತ ಬಿಟ್ಟ ಹೇಳ್ಲೇನ್ರಿ?"

"ಈಗ ಹೇಳು."

ಅವಳು ಶಾಲೆಯ ಹುಡುಗಿ ಪಾಠ ಒಪ್ಪಿಸುವಂತೆ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ.

"ಅದು ಕ್ಯಾನ್ಸರ್ ಐತಂತ್ರಿ. ಪೂರ್ತಿ ರಿಪೋರ್ಟ್ ಬರೂದು ಬಾಕಿ ಐತಿ, ಆದ್ರ ಸಂಶೆ ಇಲ್ಲಂತ. ಗಡ್ಡಿ ರಕ್ತದ ನಾಳಕ್ಕ ಸುತ್ತಕೊಂಡೈತಂತ. ಲಿವರಿನಾಗ ಒಂದ ಸಣ್ಣ ಕಲೆ ಕಂಡ್ತಂತ, ಅದಕ್ಕೂ ಸೂಜಿ ಹಾಕಿ ನೋಡಿದ್ರಂತ. ಅಲ್ಲೂ ಅದ ಐತಂತ. ಅದಕ್ಕ ನಾಕನೇ ಸ್ಟೇಜ್ ಅಂತಾರಂತ. ಆಪರೇಷನ್ ಮಾಡಿ ತಗ್ಯಾಕ ಬರೂದಿಲ್ಲಂತ. ಪಿತ್ತ ಹರೀಲಿ ಅಂತ ನಳಿಗಿ ಹಾಕ್ಯಾರ, ತುರಿಕಿ ಕಡಿಮಿ ಆಗ್ತದ, ಕಣ್ಣ ಬೆಳ್ಳಗ ಆಗ್ತಾವ. ಸಲೈನಿನಾಗ ಔಷಧಾ ಕೊಡ್ತಾರಂತ, ಅದರಲೇ ಸ್ವಲ್ಪ ಕಾಲ ಸಿಗತದ, ವಾಸಿ ಆಗೂದಿಲ್ಲ ಅಂದ್ರು."

"ಮತ್ತ?"

"ಅಷ್ಟರಿ. ನಾ ಏನೂ ಬಿಟ್ಟಿಲ್ಲ. ಏ‌ನೂ ಕೂಡಿಸಿಲ್ಲ."

"ಛಲೋ ಮಾಡಿದಿ" ಎಂದೆ.

ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ, "ಮಾವಾರದು ಊಟದ ಹೊತ್ತಾತ್ರಿ, ತಡಾ ಆದ್ರ ಒದರಾಡಿ ವಾರ್ಡ ಎಬ್ಬಸ್ತಾರ" ಎಂದು ಎದ್ದಳು. ಹೋಗು ಎಂದೆ. ಅವಳು ಮಾತು ಕೊಟ್ಟಿದ್ದನ್ನು ಪೂರ್ತಿ ಮಾಡಿದ್ದಳು, ಇನ್ನು ಇಲ್ಲಿ ಕೂಡಲು ಅವಳಿಗೆ ಕಾರಣವಿರಲಿಲ್ಲ. ಪರದೆ ಸರಿಸಿಕೊಂಡು ಹೋದಳು.

ನನಗೆ ಬೇಕಾಗಿದ್ದುದು ಸಿಕ್ಕಿತ್ತು. ಊರಿಗೆ ಗೊತ್ತಾಗುವ ಮೊದಲು ನನಗೆ ಗೊತ್ತಾಗಿತ್ತು. ಸಮಾಧಾನವಾಗಬೇಕಿತ್ತಲ್ಲ, ಆಗಲಿಲ್ಲ. ಅಳು ಕೂಡ ಬರಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದಂತೆ, ನುಂಗುವುದಾಗದು ಉಗುಳುವುದಾಗದು. ಮೇಲೆ ಫ್ಯಾನು ತಿರುಗುತ್ತಿತ್ತು. ನಾಳೆ ಊರಿಗೆ ಹೋಗುತ್ತೇನೆ, ಬೀಗ ತೆಗೆಯುತ್ತೇನೆ, ದೀಪ ಹಾಕುತ್ತೇನೆ. ಆಮೇಲೆ ಆ ಮನೆಯಲ್ಲಿ ನಾನು ಮತ್ತು ಈ ಸುದ್ದಿ ಇಬ್ಬರೇ ಇರುತ್ತೇವೆ. 

ಪಕ್ಕದ ಮಂಚದ ಪರದೆಯಾಚೆ ಯಾರೋ ಮಾತಾಡುತ್ತಿದ್ದರು. ಒಬ್ಬ ಮಗ, ಒಬ್ಬಳು ಮುದುಕಿ ತಾಯಿ. "ಏನಂತಪಾ ಬಾಳೇಶಾ?" ಎಂದು ಅವಳು ಕೇಳಿದಳು. "ಏನಿಲ್ಲಬೇ ಯವ್ವಾ, ಹೊಟ್ಟ್ಯಾಗ ಹುಣ್ಣ ಆಗ್ಯಾವಂತ" ಎಂದ. ನನ್ನ ಕಿವಿ ತಾನಾಗಿಯೇ ನೆಟ್ಟಗಾಯಿತು. ಎಂಥ ಕೆಟ್ಟ ಸುಳ್ಳು! ದನಿ ನಡುಗುತ್ತಿತ್ತು, ಮೂಗು ಏರಿಸುತ್ತಿದ್ದ. ಇಂಥವರನ್ನೆಲ್ಲ ಯಾಕಾದರೂ ಒಳಗೆ ಬಿಡುತ್ತಾರೋ. "ಮತ್ತ ಆಪರೇಷನ್?" ಎಂದಳು ತಾಯಿ. "ಎಲ್ಲೀ ಆಪರೇಷನ್ನಬೇ, ನಾಳೆ ಮನೀಗೆ ಹೋಗೂಣು, ಎಳೀ ಬಾಳಿಕಾಯಿ ಪಲ್ಯ ಮಾಡಸ್ತೇನಿ." ಮುದುಕಿ ದೊಡ್ಡ ಉಸಿರು ಬಿಟ್ಟಳು. "ಶಿವಾ... ಹಂಗಾದ್ರ ನನ್ನ ಎದೀ ಹಗರಾತು ನೋಡಪಾ" ಎಂದಳು.

ಆ ಮುದುಕಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಮುಖವನ್ನೇ ನೋಡದವಳ ಮೇಲೆ, ನನ್ನಂತೆಯೇ ಮಲಗಿದವಳ ಮೇಲೆ, ಹೊಟ್ಟೆಯೊಳಗಿನ ಗಡ್ಡೆ ಉರಿಯುವಷ್ಟು ಹೊಟ್ಟೆಕಿಚ್ಚು. ಅವಳಿಗೆ ಸುಳ್ಳು ಹೇಳಲು ಒಬ್ಬನಿದ್ದ. ಅವನು ಎಷ್ಟು ಕೆಟ್ಟದಾಗಿ ಹೇಳಿದರೂ ಅವಳು ನಂಬಿದಳು. ಆಗ ನನಗೆ ಅಳು ಬಂತು. ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ಹೊರಳಿದೆ.

"ಮೌಶಿ, ನೋಯ್ತೇತೇನ್ರಿ?"

ರುಕ್ಸಾರ ಬಂದು ನಿಂತಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ. "ನೀರ ಕುಡಸಬಹುದಂತ, ಸಿಸ್ಟರ ಕೇಳೇನಿ" ಎಂದಳು. ಒಂದು ಕೈ ಕುತ್ತಿಗೆಯ ಕೆಳಗೆ ಇಟ್ಟು ನನ್ನನ್ನು ಎತ್ತಿ ಕುಡಿಸಿದಳು. ನೀರು ಗಂಟಲಲ್ಲಿ ಗೀರುತ್ತ ಇಳಿಯಿತು.

"ಊಟ ಮಾಡಿದ್ರ ನಿಮ್ಮ ಮಾವ?"

"ಮಾಡಿದ್ರು. ಸಾರು ಸಪ್ಪಗ ಐತಿ ಅಂತ ನನಗ ಬೈದ್ರು, ನಾನ ಮಾಡೇನಿ ಅನ್ನೂಹಂಗ. ಈಗ ಮಲಕೊಂಡಾರ."

"ಮತ್ತ ನೀ ಯಾಕ ಬಂದಿ?"

ಅವಳು ಲೋಟವನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತಳು. ನನಗೆ ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ.

"ತಂಗಿ, ನನಗ ಒಂದ ಸುಳ್ಳು ಹೇಳ್ತಿ ಏನ?"

"ಅಂದ್ರ?"

"ಡಾಕ್ಟರು ಏನೂ ಇಲ್ಲ ಅಂದ್ರು ಅಂತ ಹೇಳು."

ಅವಳು ಗಾಬರಿಯಾದಳು. ಮಂಪರು ಇಳಿದಿಲ್ಲವೆಂದು ತಿಳಿದಳೋ ಏನೋ, ನನ್ನ ಹಣೆ ಮುಟ್ಟಿ ನೋಡಿದಳು. "ಮೌಶಿ, ನಾ ಎಲ್ಲಾ ಹೇಳಿದ್ನೆಲ್ರಿ..."

"ಹೇಳಿದಿ. ಅದು ತಲ್ಯಾಗ ಐತಿ, ಮರಿಯೂದಿಲ್ಲ. ಔಷಧಕ್ಕ ಬಾ ಅಂದಾಗ ಬರ್ತೇನಿ, ಸೂಜಿ ಚುಚ್ಚಂದ್ರ ಚುಚ್ಚಿಸಿಕೋತೇನಿ. ಆದ್ರ ಒಂದ ಸಲ ಹೇಳವಾ. ಊರ ಮಂದಿಗೆಲ್ಲಾ ನಾ ಹೇಳೇನಿ. ನನಗ ಯಾರೂ ಹೇಳಿಲ್ಲ."

ಅವಳು ನೆಲ ನೋಡಿದಳು, ಪರದೆ ನೋಡಿದಳು. ಆಮೇಲೆ ಬಸ್ಸಿನ ಬೋರ್ಡು ಓದಿದಂತೆ, "ಡಾಕ್ಟರು ಏನೂ ಇಲ್ಲ ಅಂದ್ರು" ಎಂದಳು.

"ಹಂಗ ಹೇಳಿದ್ರ ಯಾರ ನಂಬತಾರ? ಸನೇಕ ಬಾ. ಕೈ ಹಿಡಕೋ. ಮುಖಾ ನೋಡಿ ಹೇಳು."

ಅವಳು ಸ್ಟೂಲು ಎಳೆದುಕೊಂಡಳು. ಸಲೈನಿನ ಪಟ್ಟಿ ಹಚ್ಚಿದ ನನ್ನ ಕೈಯನ್ನು ನೋವಾಗದಂತೆ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಅವಳ ಕೈ ಬೆಚ್ಚಗಿತ್ತು. ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಹೇಳುವುದಿಲ್ಲವೆಂದೇ ತಿಳಿದೆ.

"ಏನೂ ಆಗಿಲ್ಲ ಮೌಶಿ" ಎಂದಳು. "ಒಳಗ ಒಂಚೂರು ಬಾವು ಬಂದಿತ್ತಂತ, ಅಷ್ಟ. ನಳಿಗಿ ಹಾಕ್ಯಾರ, ಇನ್ನ ಉಣ್ಣಾಕ ಬರ್ತದ. ಬರೂ ಈದಿಗೆ ನೀವ ದಾಂಡೇಲಿಗೆ ನಮ್ಮ ಮನೀಗೆ ಬರ್ತೀರಿ. ನಾ ಶಾವಿಗಿ ಸುರಕುಂಬಾ ಮಾಡ್ತೇನಿ, ನೀವ ನಮ್ಮ ಮಾವಗ ರೊಟ್ಟಿ ಬಡದ ಹಾಕ್ರಿ, ಆವಾಗರ ಅವರ ಬಾಯಿ ಮುಚ್ಚಿದ್ರ ಮುಚ್ಚೀತು. ನೀವ ಬರೂ ದಿನಾ ಹೇಳ್ರಿ, ನಾ ಬಸ್‌ಸ್ಟ್ಯಾಂಡಿಗೆ ಬಂದ ನಿಂದರ್ತೇನಿ."

ಬಾವಿನ ಮಾತು ಹಳೆಯದು, ಎಲ್ಲರೂ ಹೇಳುವುದೇ. ಈದಿನ ಮಾತನ್ನು ನಾನು ಕಲಿಸಿರಲಿಲ್ಲ. ಹೇಳುವಾಗ ಅವಳ ಕಣ್ಣು ತುಂಬಿದ್ದವು, ಆದರೆ ನನ್ನ ಮುಖದ ಮೇಲಿಂದ ಸರಿಯಲಿಲ್ಲ.

"ಖರೇನ?" ಎಂದೆ.

"ಖರೇನ್ರಿ ಮೌಶಿ."

"ಹಂಗಾದ್ರ ಬರ್ತೇನಿ ತಗೋ" ಎಂದೆ.